ಡೀಸೆಲ್ ತಿನ್ನುವ ಜಂತುಗಳಿಗೆ ಕಮಲವ್ವನ ನೀರು

ಎರಡು ವರ್ಷದ ಹಿಂದಿನ ಮಾತು. ರಾಯಬಾಗದ ಮಣ್ಣು ಮತ್ತು ನೀರು ಪರೀಕ್ಷಾ ಪ್ರಯೋಗಾಲಯದಲ್ಲಿ ನಾನು ಸೂಕ್ಷ್ಮಜೀವಿ ತಜ್ಞೆ. ನಿವೃತ್ತಿ ಹತ್ತಿರವಿತ್ತು, ಇನ್ನು ತಲೆನೋವಿನ ಕೆಲಸ ಬರಲಾರದು ಎಂದುಕೊಂಡಿದ್ದೆ. ಬಂತು ನೋಡಿ! ಅಂಕಲಿ ಹತ್ತಿರ ಟ್ಯಾಂಕರ್ ಉರುಳಿ, ಕಮಲವ್ವ ಎಂಬ ರೈತ ಮಹಿಳೆಯ ಕಬ್ಬಿನ ಹೊಲಕ್ಕೆ ಡೀಸೆಲ್ ಹರಿಯಿತು. ಇಳಿಜಾರಿನಲ್ಲೇ ಅವರ ಬಾವಿ. ಮನೆಮಂದಿ, ಎಮ್ಮೆಗಳು, ಎಲ್ಲ ಕುಡಿಯುವುದು ಅದೇ ನೀರು.

ನಿಂತ ಎಣ್ಣೆ ಬಳಿಸಿ, ಬಾವಿಗೆ ಅಡ್ಡವಾಗಿ ಕಾಲುವೆ ತೋಡಿಸಿದೆವು. ಮಣ್ಣಿಗಿಳಿದದ್ದನ್ನು ಏನು ಮಾಡುವುದು? ಮಣ್ಣನ್ನೆಲ್ಲ ಬಗೆದು ಹೊಳೆದಂಡೆಗೆ ಸುರಿಯಲು ಕಮಲವ್ವ ಜೆಸಿಬಿಗೆ ಹೇಳಿಯಾಗಿತ್ತು. ನಾನು ತಡೆದೆ. ಡೀಸೆಲ್ ತಿಂದು ಬದುಕುವ ಬ್ಯಾಕ್ಟೀರಿಯಾ ಆ ಮಣ್ಣಿನಲ್ಲೇ ಇರುತ್ತವೆ. ಗಾಳಿ, ತೇವ, ಒಂದಿಷ್ಟು ಯೂರಿಯಾ ಸಿಕ್ಕರೆ ಹೆಚ್ಚಿಕೊಂಡು ಎಣ್ಣೆ ಕರಗಿಸುತ್ತವೆ ಎಂದೆ.

“ಎಣ್ಣಿ ಸಾಲ್ದಂತ ಈಗ ಜಂತೂ ಬಿಡಾಕ ಬಂದೀರೇನ್ರಿ ಬಾಯಾರ?”

“ಬಿಡೂದಿಲ್ಲವ್ವಾ, ಅವು ನಿಮ್ಮ ಹೊಲದಾವ. ದುಡಿಯೂದು ಅವ. ನಾವು ಬರೇ ಗಾಳಿ ಆಡಿಸೂದು.”

ಅರೆಮನಸ್ಸಿನಿಂದ ಒಪ್ಪಿದರು. ಬಾವಿ ಮುಚ್ಚಿ, ಊರಿನ ನಳದಿಂದ ನೀರು ಹೊತ್ತರು. ಯೂರಿಯಾ, ತಿಪ್ಪೆಗೊಬ್ಬರ ಹಾಕಿ ಮಣ್ಣನ್ನು ಮೇಲಿಂದ ಮೇಲೆ ತಿರುವಿಸಿದೆವು. ವಾಸನೆ ತಗ್ಗತೊಡಗಿತು. ನನಗೆ ಮಾತ್ರ ನಿದ್ದೆಯಿಲ್ಲ. ಬಾವಿಗೆ ಎಣ್ಣೆ ಇಳಿದರೆ ಆ ಹೆಣ್ಣುಮಗಳಿಗೆ ಹೇಗೆ ಮುಖ ತೋರಿಸಲಿ?

ಒಂದು ಬೆಳಿಗ್ಗೆ ಹೋಗಿ ನೋಡುತ್ತೇನೆ, ಹೊಲದ ತುಂಬ ನೀರು! ಕಮಲವ್ವ ಹೊಳೆಯ ಪೈಪ್‌ಲೈನ್ ತೆರೆದಿದ್ದರು.

“ಪಾಪ, ಅಷ್ಟ ದುಡ್ಯಾಕತ್ತಾವ. ಹೊಟ್ಟಿ ತುಂಬ ನೀರರ ಕುಡೀಲಿ ಅಂತ ಬಿಟ್ಟೀನ್ರಿ.”

“ಅಯ್ಯ ಪುಣ್ಯಾತಗಿತ್ತಿ, ಉಸಿರು ಕಟ್ಟಿಸಿದೆಲ್ಲಬೇ ಅವಕ್ಕ!” ಎಂದು ಕಿರುಚಿಬಿಟ್ಟೆ.

ನೀರು ತುಂಬಿದ ಮಣ್ಣಿನಲ್ಲಿ ಗಾಳಿ ಇರುವುದಿಲ್ಲ, ಬ್ಯಾಕ್ಟೀರಿಯಾದ ಕೆಲಸ ನಿಂತೇ ಹೋಗುತ್ತದೆ. ಅದಕ್ಕಿಂತ ದೊಡ್ಡ ಭಯ, ನೀರಿನ ಜೊತೆ ಎಣ್ಣೆ ಬಾವಿಯತ್ತ ಸರಿಯುವುದು. ಕಾಲುವೆಯಲ್ಲಿ ಆಗಲೇ ಎಣ್ಣೆಯ ಪದರ ತೇಲುತ್ತಿತ್ತು. ಓಡಿಹೋಗಿ ಪೈಪ್‌ಲೈನ್ ಮುಚ್ಚಿದೆ. ಕಮಲವ್ವ ಅತ್ತೇಬಿಟ್ಟರು, ಅಳುತ್ತಲೇ ಕಬ್ಬಿನ ಒಣಗಿದ ಎಲೆಯ ರವದಿ ತಂದು ಕಾಲುವೆಗೆ ಒತ್ತಿ ಎಣ್ಣೆ ಹೀರಿಸಿದರು.

ಮಣ್ಣು ಆರಿದ ಮೇಲೆ ಮತ್ತೆ ಮೊದಲಿನಿಂದ ತಿರುವಿದೆವು. ತಿಂಗಳುಗಳೇ ಹಿಡಿದವು. ಮಣ್ಣಿನಲ್ಲಿ ಡೀಸೆಲ್ ಇಳಿಯುತ್ತ ಬಂತು. ಬಾವಿಯ ನೀರಿನ ಮಾದರಿಗಳಲ್ಲಿ ಒಮ್ಮೆಯೂ ಎಣ್ಣೆ ಸಿಗಲಿಲ್ಲ. ಕೊನೆಗೆ, ಕುಡಿಯಲು ಯೋಗ್ಯ ಎಂದು ಸಹಿ ಮಾಡಿದ ವರದಿ ಹಿಡಿದು ಹೋದೆ.

ಕಮಲವ್ವ ಕಾಗದ ನೋಡಲಿಲ್ಲ. ಒಂದು ತಂಬಿಗೆ ನೀರು ಸೇದಿ ನನ್ನ ಮುಂದೆ ಹಿಡಿದರು.

“ಮೊದ್ಲ ನೀವು ಕುಡೀರಿ ಬಾಯಾರ. ಆಮ್ಯಾಲೆ ನಮ್ಮ ಮಂದಿ.”

ಪರೀಕ್ಷೆ ಮಾಡಿಸಿದವಳು ನಾನೇ, ಸಹಿಯೂ ನನ್ನದೇ. ಆದರೂ ತಂಬಿಗೆಯನ್ನು ಮೊದಲು ಮೂಸಿ ನೋಡಿದೆ. ಕಣ್ಣು ಮುಚ್ಚಿ ಕುಡಿದೆ. ಅಂದಿನಿಂದ ನಿವೃತ್ತಳಾಗುವವರೆಗೆ, ಈ ನೀರನ್ನು ನಾನು ಕುಡಿದೇನೇ ಎಂದು ಕೇಳಿಕೊಳ್ಳದೆ ನೀರಿನ ಯಾವ ವರದಿಗೂ ಸಹಿ ಹಾಕಲಿಲ್ಲ.