ಬಿಳಿ ಬಟ್ಟೆಯ ಮುಂದೆ ಅಕ್ರೋಟು ಮರ

ನಾವೆಲ್ಲ ಬೈಕೆ, ಅಂದರೆ ಅಣ್ಣ, ಎನ್ನುತ್ತಿದ್ದ ಎಸೆನ್‌ಕುಲ್ ಸೈಕಲ್ಲಿಗೆ ಕ್ಯಾಮೆರಾದ ಸ್ಟ್ಯಾಂಡು ಕಟ್ಟಿಕೊಂಡು ಹೊರಟನೆಂದರೆ ನಮ್ಮ ಬೆಟ್ಟದೂರು ಕಾರಾ-ಜಂಗಾಕ್‌ನ ಹೆಂಗಸರು ಕೈಯ ಕೆಲಸ ಬಿಟ್ಟು, ಅವನು ಯಾವ ಮನೆಯ ಕಡೆ ತಿರುಗುತ್ತಾನೆಂದು ನೋಡುತ್ತಿದ್ದರು. ಹಿಂದಿನ ಕ್ಯಾರಿಯರ್‌ನಲ್ಲಿ ಮಡಿಸಿದ ಬಿಳಿ ಬಟ್ಟೆಯೂ ಇದ್ದರೆ ಬೀದಿಯಲ್ಲಿ ಆಡುತ್ತಿದ್ದ ಮಕ್ಕಳನ್ನು ಒಳಗೆ ಕರೆಯುತ್ತಿದ್ದರು.

ಒಂದು ಕಾಲಕ್ಕೆ ಮದುವೆ, ಶಾಲೆ, ತೊಟ್ಟಿಲಶಾಸ್ತ್ರ ಎಲ್ಲವೂ ಅವನದೇ. ನಮ್ಮ ದೊಡ್ಡ ದೇಶದ ಒಕ್ಕೂಟ ಮುರಿದು ಏಳೆಂಟು ವರ್ಷವಾಗುವಷ್ಟರಲ್ಲಿ ಪಟ್ಟಣದ ಹುಡುಗರು ಬಣ್ಣದ ಕ್ಯಾಮೆರಾ ಹಿಡಿದು ಮೇಲೆ ಬಂದರು. ಕಪ್ಪುಬಿಳುಪಿಗೆ ಒಂದೇ ಕೆಲಸ ಉಳಿಯಿತು. ನಮ್ಮಲ್ಲಿ ಗೋರಿಯ ಕರಿಕಲ್ಲಿನ ಮೇಲೆ ಸತ್ತವರ ಮುಖ ಕೆತ್ತಿಸುತ್ತಾರೆ. ಕೆತ್ತುವವನು ಚುಕ್ಕೆ ಚುಕ್ಕೆಯಾಗಿ ಕುಟ್ಟಬೇಕು. ಕೂದಲು ಎಲ್ಲಿ ಮುಗಿಯಿತು, ಗೋಡೆ ಎಲ್ಲಿ ಶುರುವಾಯಿತು ಎಂದು ಅವನಿಗೆ ಸ್ಪಷ್ಟವಾಗಿ ಕಾಣಬೇಕು. ಅದಕ್ಕೇ ಬಿಳಿ ಬಟ್ಟೆ. ಹಾಸಿಗೆ ಹಿಡಿದವರನ್ನು ದಿಂಬಿಗೆ ಒರಗಿಸಿ, ಬೆನ್ನ ಹಿಂದೆ ಆ ಬಟ್ಟೆ ಇಳಿಬಿಟ್ಟು ಅವನು ಚಿತ್ರ ತೆಗೆಯುತ್ತಿದ್ದ. ಬಟ್ಟೆ ಮನೆಯೊಳಗೆ ಹೋಯಿತೆಂದರೆ ದೂರದ ಮಕ್ಕಳಿಗೆ ಹೇಳಿಕಳಿಸುತ್ತಿದ್ದರು. ತಿಥಿಗೆ ಕಡಿಯುವ ಕುದುರೆಯನ್ನು ಹುಲ್ಲುಗಾವಲಿನಿಂದ ಇಳಿಸುತ್ತಿದ್ದರು.

"ನೀನು ಈ ಬೀದೀಲಿ ಬಂದ್ರೆ ನನ್ನ ಕುದುರೆ ನಡುಗುತ್ತೆ ಕಣೋ, ಆ ಕಡೆ ಹೋಗು!" ಎಂದು ಊರಿನ ಹಿರಿಯ ಕಲಿಕ್ ಅಟಾ ಜಗಲಿಯಿಂದ ಕೂಗುತ್ತಿದ್ದ.

"ನಿಮ್ಮ ಸರದಿ ಬಂದಾಗ ಕುದುರೇನೂ ಸೇರಿಸಿ ತೆಗೀತೀನಿ ಅಟಾ. ನಿಮಗಿಂತ ಅದರ ಮುಖ ಚೆನ್ನಾಗಿದೆ," ಎನ್ನುತ್ತಿದ್ದ ಎಸೆನ್‌ಕುಲ್.

ನಾನು ಅವನ ಪಕ್ಕದ ಮನೆಯವನು, ಶಾಲೆಯಲ್ಲಿ ರಸಾಯನಶಾಸ್ತ್ರ ಹೇಳುತ್ತಿದ್ದೆ. ಫಿಲ್ಮು ತೊಳೆಯುವ ಪುಡಿಗಳು ಪಟ್ಟಣದಲ್ಲಿ ಸಿಗದಾದಾಗ ನಾವಿಬ್ಬರೂ ಸೇರಿ ಅಳೆದು ಬೆರೆಸುತ್ತಿದ್ದೆವು. ಅವನ ಕತ್ತಲೆಕೋಣೆ ಎಂದರೆ ಹಳೆಯ ಕುರಿಕೊಟ್ಟಿಗೆ. ಚಹಾಕ್ಕೆ ನೀರು ಕಾಯಿಸುವ ಸಮೋವಾರದ ಬಿಸಿನೀರಿನಿಂದ ದ್ರಾವಣವನ್ನು ಹದಕ್ಕೆ ತರುತ್ತಿದ್ದ. ಬೆರಳು ಅದ್ದಿ ನೋಡಿದರೆ ಸಾಕು, ಥರ್ಮಾಮೀಟರ್ ಇಟ್ಟು ಪರೀಕ್ಷಿಸುವುದು ನನ್ನ ಚಟವೇ ಹೊರತು ಅವನ ಅಗತ್ಯವಲ್ಲ. ಕೆಲವೊಮ್ಮೆ ಥರ್ಮಾಮೀಟರೇ ಸರಿ, ಅವನ ಬೆರಳು ತಪ್ಪು. ಆಗ ಇಬ್ಬರೂ ನಗುತ್ತಿದ್ದೆವು.

ಅವನ ತಂಗಿ ಬುಬುಸಾರಾ ವಿಧವೆ. ನಮ್ಮ ಕಾಡಿನಲ್ಲಿ ಮನೆಗಿಷ್ಟು ಎಂದು ಅರಣ್ಯ ಕಚೇರಿ ಅಕ್ರೋಟು ಮರಗಳನ್ನು ಗೇಣಿಗೆ ಕೊಟ್ಟಿರುತ್ತದೆ. ಅವಳ ಪಾಲಿನಲ್ಲಿ ಎಣಿಕೆಗೆ ಬರುವಂಥದ್ದು ಒಂದೇ ಮರ. ನಾಲ್ಕು ಜನ ಕೈಕೈ ಹಿಡಿದರೂ ಬೊಡ್ಡೆ ಅಪ್ಪುಗೆಗೆ ಸಿಗುತ್ತಿರಲಿಲ್ಲ. ಚಳಿಗಾಲದ ಹಿಟ್ಟು, ಹಸುವಿನ ಹುಲ್ಲು, ಮಗಳ ಬೂಟು ಎಲ್ಲವೂ ಅದರಿಂದಲೇ ಉದುರುತ್ತಿದ್ದವು. ಆ ಮರದ ಬುಡದಲ್ಲಿ ಮಲಗಿದ ಕರುವಿನಷ್ಟು ದೊಡ್ಡ ಗಂಟೊಂದಿತ್ತು. ಹೊರದೇಶದ ವ್ಯಾಪಾರಿಗಳು ಅಂಥ ಗಂಟನ್ನು ಕಾಗದದಷ್ಟು ತೆಳುವಾಗಿ ಸೀಳಿ, ಶ್ರೀಮಂತರ ಮೇಜುಗಳಿಗೆ ಅಂಟಿಸುತ್ತಾರಂತೆ. ಜೀವವಿರುವ ಮರ ಕಡಿಯುವ ಹಾಗಿಲ್ಲ. ಒಣಗಿದ್ದನ್ನು ಕಡಿಯಬಹುದು.

ಆ ವಸಂತದಲ್ಲಿ ಎಲೆ ಬಿಟ್ಟ ಮೇಲೆ ಹಿಮ ಬಿತ್ತು. ಕಣಿವೆಯ ಮರಗಳ ಚಿಗುರೆಲ್ಲ ಕುದಿಸಿದ ಚಹಾಸೊಪ್ಪಿನಂತೆ ಕಪ್ಪಾಗಿ ಜೋತುಬಿತ್ತು. ಅರಣ್ಯ ರಕ್ಷಕ ಶೆರಾಲಿ ಬಂದು ಬುಬುಸಾರಾಳ ಮರಕ್ಕೆ ಮಾತ್ರ ಒಣಗಿದ್ದು, ಕಡಿಯಬಹುದು ಎಂಬ ಗುರುತಿಗೆ ಕೆಂಪು ಬಣ್ಣ ಬಳಿದು ಹೋದ. ಕೆಲವು ವಾರಗಳಲ್ಲಿ, ಅಕ್ರೋಟು ಮರಗಳು ಮಾಡುವಂತೆ, ಅದು ಒಳಗೆ ಮಲಗಿದ್ದ ಮೊಗ್ಗುಗಳಿಂದ ಎರಡನೆಯ ಸಲ ಚಿಗುರಿತು.

"ಎಲೆ ನನಗೂ ಕಾಣುತ್ತೆ ಅಕ್ಕಾ," ಎಂದ ಶೆರಾಲಿ, ಬುಬುಸಾರಾ ಕರೆದು ತೋರಿಸಿದಾಗ. "ಆದ್ರೆ ಒಣಗಿದೆ ಅಂತ ಮೇಲೆ ಬರೆದು ಕಳಿಸಾಯ್ತು. ಈಗ ಚಿಗುರಿದೆ ಅಂದ್ರೆ ನನ್ನನ್ನೇ ಒಣಗಿಸ್ತಾರೆ."

ಅವಳು ಪಟ್ಟಣಕ್ಕೆ ಹೋದಳು. ಅಲ್ಲಿನ ಅಧಿಕಾರಿ, ಚಿಗುರಿದ್ದರೆ ಫೋಟೋ ತಂದು ತೋರಿಸು ಎಂದ. ಅಷ್ಟರೊಳಗೆ ಗರಗಸದವರು ಬಂದುಬಿಟ್ಟರೆ? ಅವರು ಆಗಲೇ ಪಕ್ಕದ ಕೊರಕಲಿನಲ್ಲಿ ಕೆಲಸ ಮಾಡುತ್ತಿದ್ದರು. ಅದಕ್ಕೆ ಕಲಿಕ್ ಅಟಾ ಮಾತು ಕೊಟ್ಟ: "ಬರಲಿ. ಮುದುಕರೆಲ್ಲ ಕಂಬಳಿ ಹಾಸಿ ಬುಡದಲ್ಲಿ ಕೂತ್ಬಿಡ್ತೀವಿ. ನಮ್ಮ ಗಡ್ಡ ಕೊಯ್ದು ಆಮೇಲೆ ಮರ ಕೊಯ್ಯಲಿ. ನೀನು ಹೋಗಿ ಬಾ ಮಗಳೇ." ಬಿಳಿಗಡ್ಡದವರು ಕೂತ ಕಡೆ ಗರಗಸ ಎತ್ತುವ ಧೈರ್ಯ ನಮ್ಮವರಲ್ಲಿ ಯಾರಿಗೂ ಇಲ್ಲ.

ಎಸೆನ್‌ಕುಲ್ ಬಳಿ ಇದ್ದದ್ದು ಕಪ್ಪುಬಿಳುಪಿನ ಫಿಲ್ಮು ಮಾತ್ರ. ಚಿತ್ರ ತೆಗೆಯುವ ಹಿಂದಿನ ಸಂಜೆ ನನ್ನೊಡನೆ ಕೂತು ಯೋಚಿಸಿದ. ಕಪ್ಪುಬಿಳುಪಿನಲ್ಲಿ ಹಸಿರಿಗೂ ಕಂದಿಗೂ ಹೆಚ್ಚು ವ್ಯತ್ಯಾಸವಿಲ್ಲ, ಎರಡೂ ಬೂದು. ಲೆನ್ಸಿನ ಮುಂದೆ ಹಳದಿ ಗಾಜು ಹಾಕಿದರೆ ಹಸಿರು ತಿಳಿಯಾಗುತ್ತದೆ, ಸುಟ್ಟ ಎಲೆ ಕಪ್ಪಾಗಿಯೇ ಉಳಿಯುತ್ತದೆ.

"ಆದ್ರೆ ಹಿಂದುಗಡೆ ಕಾಡು ಗಜಿಬಿಜಿ ಇದೆ ಮೇಷ್ಟ್ರೆ. ಎಲೆಯ ಅಂಚು ಕಾಣಬೇಕಲ್ಲ."

"ಹಾಗಾದ್ರೆ ಹಿಂದೆ ಏನಾದ್ರೂ ಬೆಳ್ಳಗಿರೋದು ಕಟ್ಟು," ಎಂದೆ.

ಇಬ್ಬರಿಗೂ ಎಲೆಯ ಅಂಚಿನ ಹೊರತು ಬೇರೇನೂ ಹೊಳೆಯಲಿಲ್ಲ.

ಬೆಳಿಗ್ಗೆ ಅವನು ಸ್ಟ್ಯಾಂಡು, ಬಟ್ಟೆ ಕಟ್ಟಿಕೊಂಡು ಊರ ನಡುವಿನಿಂದಲೇ ಹೋದ. ಮರದ ಕೆಳಗಿನ ಕೊಂಬೆಯ ಹಿಂದೆ ಬಟ್ಟೆ ಇಳಿಬಿಟ್ಟ. ಬುಬುಸಾರಾ ಒಂದು ತುದಿ ಹಿಡಿದುಕೊಂಡಳು. ಎಳೆಯ ಎಲೆಗಳು ಬಟ್ಟೆಗೆ ಉಜ್ಜುತ್ತಿದ್ದವು. ಕೆಳಗಿನ ದಾರಿಯಲ್ಲಿ ಹಾಲಿನ ಬಕೀಟು ಹೊತ್ತವರು ನಿಂತು ನೋಡಿ ಹೋದರು. ಒಬ್ಬಳು ಕೈಯೆತ್ತಿ ಮುಖ ಸವರಿಕೊಂಡಳಂತೆ, ಸತ್ತವರಿಗೆ ಪ್ರಾರ್ಥಿಸುವಾಗ ಮಾಡುವ ಹಾಗೆ. ಬುಬುಸಾರಾ ಅದನ್ನು ಕಂಡಳು. ಬೆವರು ಒರೆಸಿಕೊಂಡಳೇನೋ ಅಂದುಕೊಂಡಳು.

ಫಿಲ್ಮು ತೊಳೆಯಲು ನಾವು ಕೊಟ್ಟಿಗೆಯೊಳಗೆ ಬಾಗಿಲು ಮುಚ್ಚಿಕೊಂಡೆವು. ಮಧ್ಯಾಹ್ನದ ಬಸ್ಸಿಗೆ ಚಿತ್ರ ಬೇಕಿತ್ತು. ಬುಬುಸಾರಾ ಹೊರಗೆ ಚೀಲ ಹಿಡಿದು ಕಾಯುತ್ತಿದ್ದಳು. ತಟ್ಟೆಯಲ್ಲಿ ಕಾಗದದ ಮೇಲೆ ಕೊಂಬೆ ನಿಧಾನವಾಗಿ ಮೂಡಿತು. ಒಂದೊಂದು ಎಲೆಯ ನರವೂ ಕಾಣುತ್ತಿತ್ತು. ತುದಿಯ ಚಿಗುರು ಇನ್ನೂ ಪೂರ್ತಿ ಬಿಚ್ಚಿರಲಿಲ್ಲ.

"ಇದನ್ನ ನೋಡಿ ಒಣಗಿದೆ ಅನ್ನೋನು ಕುರುಡ," ಎಂದ ಎಸೆನ್‌ಕುಲ್. ಅವನು ಅಷ್ಟು ಸಂತೋಷಪಟ್ಟದ್ದನ್ನು ನಾನು ಬಹಳ ದಿನಗಳಿಂದ ಕಂಡಿರಲಿಲ್ಲ.

ಆಗ ಹೊರಗಿನಿಂದ ಬುಬುಸಾರಾ ಬಾಗಿಲು ಬಡಿದಳು. "ಬೈಕೆ! ಗರಗಸದ ಸದ್ದು. ನಮ್ಮ ಕಡೆಯಿಂದಲೇ ಬರ್ತಿದೆ!"

ಅವನು ಹೊಸ ಫಿಲ್ಮು ತುಂಬಿ ಗೋಡೆಗೆ ನೇತುಹಾಕಿದ್ದ ಕ್ಯಾಮೆರಾವನ್ನು ಅಭ್ಯಾಸಬಲದಿಂದ ಎಳೆದುಕೊಂಡ. ಮೂವರೂ ಓಡಿದೆವು.

ಮರದಿಂದ ಸ್ವಲ್ಪ ದೂರದಲ್ಲಿ ಊರಿನ ಅರ್ಧ ಜನ ನಿಂತಿದ್ದರು. ಮುಂದಿನ ಸಾಲಿನಲ್ಲಿ ಮುದುಕರು. ಕಲಿಕ್ ಅಟಾ ಬಿಳಿ ಟೋಪಿಯನ್ನು ತೆಗೆದು ಎದೆಗೆ ಹಿಡಿದಿದ್ದ. ಹೆಂಗಸರ ಕೈಯಲ್ಲಿ ಬಟ್ಟೆ ಮುಚ್ಚಿದ ತಟ್ಟೆಗಳು. ಸಾವಿನ ಮನೆಗೆ ಒಯ್ಯುವ ಬೊರ್ಸೋಕ್ ಎಂಬ ಕರಿದ ರೊಟ್ಟಿ, ಈಗಷ್ಟೇ ಎಣ್ಣೆಯಿಂದ ತೆಗೆದದ್ದು, ವಾಸನೆ ಬರುತ್ತಿತ್ತು. ಗರಗಸ ಬೊಡ್ಡೆಯ ಮುಕ್ಕಾಲು ಭಾಗ ಒಳಗೆ ಹೋಗಿತ್ತು.

"ಕೂತ್ಕೊಳ್ತೀನಿ ಅಂದಿದ್ರಲ್ಲ ಅಟಾ!" ಬುಬುಸಾರಾ ಅವನ ತೋಳು ಹಿಡಿದು ಅಲ್ಲಾಡಿಸಿದಳು. "ಯಾಕೆ ನಿಂತಿದ್ದೀರಿ? ಕೂತ್ಕೊಳ್ಳಿ!"

ಮುದುಕ ಅವಳನ್ನೂ ಎಸೆನ್‌ಕುಲ್‌ನನ್ನೂ ನೋಡಿದ. "ನೀವೇ ಬಟ್ಟೆ ಕಟ್ಟಿದ್ರಲ್ಲ ಮಗಳೇ. ಕಪ್ಪುಬಿಳುಪಲ್ಲಿ ತೆಗೆಸಿದ್ರಿ. ಮನೆಯವರೇ ಕೈಬಿಟ್ಟ ಮೇಲೆ ನಾವು ಅಡ್ಡ ಕೂರೋದು ಸರಿಯಲ್ಲ ಅಂತ ಶೆರಾಲಿಗೆ ನಾನೇ ಹೇಳಿದೆ."

"ಎಲೆ ತೋರಿಸೋಕೆ ಕಟ್ಟಿದ್ದು ಅಟಾ," ಎಂದ ಎಸೆನ್‌ಕುಲ್. ಅವನ ದನಿ ಗರಗಸದ ಸದ್ದಿನಲ್ಲಿ ಅರ್ಧ ಮುಳುಗಿತು. "ಎಲೆ ಕಾಣಲಿ ಅಂತ."

ಮುದುಕನಿಗೆ ಅರ್ಥವಾದದ್ದು ಅವನ ಮುಖದಲ್ಲಿ ಕಂಡಿತು. ಟೋಪಿ ಬೀಸುತ್ತ ಗರಗಸದವರ ಕಡೆಗೆ ನಾಲ್ಕಾರು ಹೆಜ್ಜೆ ಹಾಕಿದ. ಅವರು ಯಂತ್ರ ನಿಲ್ಲಿಸಿದರು. ಸದ್ದು ನಿಂತ ಮೇಲೆ ಮರದೊಳಗಿನಿಂದ ಚಟಚಟ ಎನ್ನುವುದು ಕೇಳಿಸಿತು.

"ಅಟಾ, ಹಿಂದಕ್ಕೆ ಬನ್ನಿ!" ಎಂದು ಗರಗಸದವನು ಕೂಗಿದ. "ಇನ್ನು ಇದು ನಮ್ಮ ಕೈಲಿಲ್ಲ. ಯಾವ ಕಡೆ ಬೀಳುತ್ತೋ ದೇವರೇ ಬಲ್ಲ."

ಬುಬುಸಾರಾ ಅಳಲಿಲ್ಲ. ಅಣ್ಣನ ಕಡೆ ತಿರುಗಿ, "ತೆಗಿ," ಎಂದಳು. "ಬೆಳಿಗ್ಗೆ ಅರ್ಧ ತೆಗೆದೆಯಲ್ಲ, ಪೂರ್ತಿ ಮಾಡು."

ಅವನು ತೆಗೆದ. ಸ್ಟ್ಯಾಂಡು ಇರಲಿಲ್ಲ; ಮೊಣಕಾಲೂರಿ, ಉಸಿರು ಹಿಡಿದು ತೆಗೆದ. ಆ ಚಿತ್ರ ಇನ್ನೂ ನನ್ನ ಬಳಿ ಇದೆ. ನೆರಳಿನ ಬೆಳಕು ಸಾಲದೆ ಷಟರ್ ನಿಧಾನವಾಗಿಟ್ಟಿದ್ದ. ಅಲುಗದೆ ನಿಂತವರೆಲ್ಲ ಸ್ಪಷ್ಟವಾಗಿದ್ದಾರೆ: ಮುದುಕರು, ತಟ್ಟೆಗಳು, ಬಾಯಿಗೆ ಕೈಯಿಟ್ಟ ಹುಡುಗಿಯರು. ಬೀಳುತ್ತಿದ್ದ ಮರ ಮಾತ್ರ ಬೂದು ಬಣ್ಣ ಒರೆಸಿದ ಹಾಗಿದೆ. ನಂತರದ ಚಿತ್ರದಲ್ಲಿ ಬೊಡ್ಡೆಯ ಕೊಯ್ದ ಮುಖವಿದೆ. ರಸ ಒಸರಿ ಅದು ಎಷ್ಟು ಹೊಳೆಯುತ್ತಿತ್ತೆಂದರೆ, ಕಾಗದದ ಮೇಲೆ ಅಲ್ಲಿ ಬರೀ ಬಿಳುಪು ಉಳಿದಿದೆ.

ಎರಡು ದಿನದ ಮೇಲೆ ಬುಬುಸಾರಾ ಕೊಂಬೆಯ ಚಿತ್ರವನ್ನು ಪಟ್ಟಣಕ್ಕೆ ಒಯ್ದಳು. ಅಧಿಕಾರಿ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದನಂತೆ. "ಚೆನ್ನಾಗಿ ಚಿಗುರಿದೆ," ಎಂದು ವಾಪಸು ಕೊಟ್ಟನಂತೆ.

ಮರುವರ್ಷದ ಶರತ್ಕಾಲದಲ್ಲಿ ಕಾಯಿ ಚೆನ್ನಾಗಿ ಬಂತು. ಸಿಪ್ಪೆಯ ರಸಕ್ಕೆ ಎಲ್ಲರ ಕೈಯೂ ಕಪ್ಪಾಗಿತ್ತು. ಬುಬುಸಾರಾಳದೂ ಕಪ್ಪಾಗಿತ್ತು, ಬೇರೆಯವರ ಮರದ ಕೆಳಗೆ ಕೂಲಿಗೆ ಆರಿಸಿ. ಅಣ್ಣನ ಮನೆಯ ಮುಂದೆಯೇ ಹಾದುಹೋದರೂ ಒಳಗೆ ಬರುತ್ತಿರಲಿಲ್ಲ. ಅವನೂ ಕರೆಯುತ್ತಿರಲಿಲ್ಲ.

ಆ ದಿನಗಳಲ್ಲೇ ಕಲಿಕ್ ಅಟಾ ಹಾಸಿಗೆ ಹಿಡಿದು ಹೇಳಿಕಳಿಸಿದ. ಮರ ಬಿದ್ದಾಗಿನಿಂದ ಎಸೆನ್‌ಕುಲ್ ಬಟ್ಟೆಯ ಮಡಿಕೆ ಬಿಚ್ಚಿರಲಿಲ್ಲ. ಗೋಡೆಗೆ ಇಳಿಬಿಟ್ಟಾಗ ಅದರ ಮೇಲೆ ಕಂದು ಕಲೆಗಳಿದ್ದವು. ಎಲೆಗಳು ಉಜ್ಜಿದ ಕಡೆ ಎಲೆಯದೇ ಆಕಾರ. ಅಕ್ರೋಟಿನ ಕಲೆ ಯಾವ ಸೋಪಿಗೂ ಹೋಗುವುದಿಲ್ಲ. ತಿರುಗಿಸಿ ಹಾಕಿದ. ಆ ಕಡೆಗೂ ಇಳಿದಿತ್ತು.

"ಬೇರೆ ಬಟ್ಟೆ ತರ್ತೀನಿ ಅಟಾ."

"ಬೇಡ. ಇದರಲ್ಲೇ ತೆಗಿ," ಎಂದ ಮುದುಕ. "ಅದರ ಮುಂದೇನೇ ಮಲಗಿರ್ತೀನಿ."

ಈ ಸಲ ಇಬ್ಬರೂ ಕುದುರೆಯ ಮಾತೆತ್ತಲಿಲ್ಲ.

ವಸಂತದಲ್ಲಿ ಮುದುಕನ ಗೋರಿಗೆ ಕಲ್ಲು ಬಂತು. ನಾವಿಬ್ಬರೂ ನೋಡಲು ಹೋದೆವು. ಮುಖ ತಪ್ಪಿಲ್ಲದೆ ಬಂದಿತ್ತು, ಗಡ್ಡದ ಅಂಚು ಕೂಡ. ಎಲೆಗಳಿರಲಿಲ್ಲ. ಕೆತ್ತುವವನು ಅವನ್ನು ಬಟ್ಟೆಯ ಕೊಳೆ ಎಂದುಕೊಂಡು ಬಿಟ್ಟುಬಿಟ್ಟಿದ್ದ.

ಎಸೆನ್‌ಕುಲ್ ಮುಖದ ಹಿಂದಿನ ಖಾಲಿ ಕರಿಕಲ್ಲನ್ನು ಅಂಗೈಯಿಂದ ಒಮ್ಮೆ ಸವರಿ, ಸೈಕಲ್ಲನ್ನು ತಳ್ಳಿಕೊಂಡು ಗುಡ್ಡ ಇಳಿದ.