ಬೆಂಕಿ ದಾಟಿದ ಜಾಗ

ಅಪ್ಪ ಅರಣ್ಯ ಗಾರ್ಡ್ ಆಗಿದ್ದರು. ಮುಂಡರಗಿ ಕಡೆಯಿಂದ ಕಪ್ಪತಗುಡ್ಡ ಹತ್ತುವ ಚಕ್ಕಡಿ ದಾರಿಯ ಬುಡದಲ್ಲಿ ನಮಗೆ ಎರಡು ಕೋಣೆಯ ಕ್ವಾರ್ಟರ್ಸ್ ಕೊಟ್ಟಿದ್ದರು. ಕಟ್ಟೆಯ ಮೇಲೆ ಕುಳಿತರೆ ಗುಡ್ಡದ ಒಂದು ಮಗ್ಗುಲು ಪೂರ್ತಿ ಕಾಣುತ್ತಿತ್ತು. ಎಂಬತ್ತರ ದಶಕದ ಆರಂಭದ ಒಂದು ಬೇಸಿಗೆಯ ಮಾತಿದು. ನಾನು ಹತ್ತನೆಯ ತರಗತಿ ಮುಗಿಸಿ, ಮುಂದೇನೆಂದು ಗೊತ್ತಾಗದೆ ಮನೆಯಲ್ಲಿದ್ದೆ. ಹೊತ್ತು ಹೋಗದ್ದಕ್ಕೆ ಗುಡ್ಡ ನೋಡುತ್ತಿದ್ದೆ.

ಬಸ್ಸಿನಲ್ಲಿ ಹೋಗುವವರು ಅದನ್ನು ಬೋಳು ಗುಡ್ಡ ಅನ್ನುತ್ತಿದ್ದರು. ದೊಡ್ಡ ಮರಗಳಿಲ್ಲ, ನಿಜ. ಅಲ್ಲಿ ಇದ್ದದ್ದು ಹುಲ್ಲು. ಆ ಹುಲ್ಲಿನ ಬುಡದಲ್ಲಿ ಕೌಜುಗ ಮೊಟ್ಟೆ ಇಡುತ್ತಿತ್ತು, ಮೊಲ ಮಲಗುತ್ತಿತ್ತು, ಮುಳ್ಳುಹಂದಿ ಗಡ್ಡೆ ಕೆದರುತ್ತಿತ್ತು. ತೋಳದ ಹೆಜ್ಜೆಗೂ ನಾಯಿಯ ಹೆಜ್ಜೆಗೂ ಇರುವ ಫರಕನ್ನು ನನಗೆ ಮಣ್ಣಿನಲ್ಲಿ ತೋರಿಸಿಕೊಟ್ಟವರು ಅಪ್ಪನೇ. ಅವರಿಗೆ ಗುಡ್ಡದ ಮೇಲೆ ಪ್ರೀತಿ ಇತ್ತು. ಮುಂದೆ ಬರೆಯುವುದನ್ನು ಓದುವವರು ಇದನ್ನು ಮರೆಯಬಾರದು.

ಕುರಿಗಾರರು ಗುಡ್ಡಕ್ಕೆ ಬೆಂಕಿ ಹಚ್ಚುತ್ತಿದ್ದುದು ಸುಳ್ಳಲ್ಲ. ಮಾಗಿಯಲ್ಲಿ, ಹುಲ್ಲಿನ ಬುಡ ಇನ್ನೂ ಇಬ್ಬನಿಗೆ ಒದ್ದೆಯಿರುವಾಗ, ಬೆಳಿಗ್ಗೆ ಗಾಳಿ ಏಳುವ ಮೊದಲು ಅಲ್ಲಲ್ಲಿ ಸುಡುತ್ತಿದ್ದರು. ಬೆಂಕಿ ಸ್ವಲ್ಪ ದೂರ ಹೋಗಿ ತಾನೇ ಆರುತ್ತಿತ್ತು. ಕೆಲವು ದಿನಕ್ಕೆ ಅಲ್ಲಿ ಎಳೆ ಹುಲ್ಲು ಚಿಗುರುತ್ತಿತ್ತು, ಕುರಿಯೂ ಮೊಲವೂ ಅಲ್ಲಿಗೆ ಬರುತ್ತಿದ್ದವು. ದೂರದಿಂದ ಗುಡ್ಡ ಕೌದಿಯ ಹಾಗೆ ಕಾಣುತ್ತಿತ್ತು, ಒಂದು ತುಂಡು ಕಪ್ಪು, ಒಂದು ಹಸಿರು, ಒಂದು ಒಣ ಹಳದಿ. ಆಮೇಲೆ ಇದನ್ನೆಲ್ಲ ನಿಲ್ಲಿಸಬೇಕೆಂದು ಮೇಲಿನಿಂದ ಆರ್ಡರ್ ಬಂತು. ಅಪ್ಪ ನಿಷ್ಠೆಯಿಂದ ನಿಲ್ಲಿಸಿದರು. ಎರಡು ಮೂರು ವರ್ಷ ಗುಡ್ಡಕ್ಕೆ ಕಿಡಿ ತಾಗಲಿಲ್ಲ. ಹಳೆಯ ಹುಲ್ಲು ಬಿದ್ದಲ್ಲೇ ಬಿದ್ದಿತ್ತು, ಅದರ ನಡುವೆ ಹೊಸದು ಎದ್ದು ಒಣಗಿತ್ತು. ಒಳಗೆ ಕಾಲಿಟ್ಟರೆ ನೆಲ ಸಿಗುತ್ತಿರಲಿಲ್ಲ.

ಬೆಂಕಿ ಬಿದ್ದರೆ ತಡೆಯಲು ಒಂದು ಲೈನು ಇತ್ತು. ಗುಡ್ಡದ ಇಳಿಜಾರಿಗೆ ಅಡ್ಡಲಾಗಿ ಚಕ್ಕಡಿ ಹೋಗುವಷ್ಟು ಅಗಲ ಹುಲ್ಲು ಕೊಯ್ದು ನೆಲ ಬರಿದು ಮಾಡಿದ ಪಟ್ಟಿ ಅದು, ಅದರ ಜವಾಬ್ದಾರಿ ಅಪ್ಪನದು. ಪ್ರತಿ ವರ್ಷ ಹುಲ್ಲಿನ ಹರಾಜು ಆದಮೇಲೆ ಅದನ್ನು ಹಿಡಿದವರ ಆಳುಗಳು ಬಂದು ಇಳಿಜಾರಿನಲ್ಲಿ ಅಲ್ಲಲ್ಲಿ ಒಳ್ಳೆಯ ಹುಲ್ಲು ಮಾತ್ರ ಕೊಯ್ಯುತ್ತಿದ್ದರು. ಕೊಯ್ದ ಹೊರೆಗಳನ್ನು ಚಕ್ಕಡಿ ಬರುವತನಕ ಒಟ್ಟಲು ಸಮತಟ್ಟಾದ ಜಾಗ ಅದೊಂದೇ. ಹಾಗಾಗಿ ಲೈನಿನಲ್ಲೇ ಒಟ್ಟುತ್ತಿದ್ದರು. ಇದರಲ್ಲಿ ತಪ್ಪಿದೆ ಎಂದು ಯಾರಿಗೂ ಅನ್ನಿಸಿರಲಿಲ್ಲ. ನಿಂತ ಹುಲ್ಲು ಅಡವಿ, ಕೊಯ್ದ ಹುಲ್ಲು ಮಾಲು. ಲೈನಿನ ಕಾಯ್ದೆ ಅಡವಿಗೆ ಸಂಬಂಧಪಟ್ಟದ್ದು, ಮಾಲಿಗಲ್ಲ. ಅಪ್ಪನೂ ಹಾಗೇ ತಿಳಿದಿದ್ದರು. ಆ ವರ್ಷ ಚಕ್ಕಡಿಗಳು ತಡ ಮಾಡಿದವು. ಹೊರೆಗಳು ಲೈನಿನ ಉದ್ದಕ್ಕೂ ಒಟ್ಟಿದ ಹಾಗೇ ಇದ್ದವು.

ನಮ್ಮ ಮನೆಯ ಕೆಳಗಿನ ಹೊಂಡಕ್ಕೆ ಒಬ್ಬರು ಕುರಿಗಾರರು ದಿನಾ ಕುರಿಗಳಿಗೆ ನೀರು ಕುಡಿಸಲು ಬರುತ್ತಿದ್ದರು. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ. ಗುಡ್ಡದಲ್ಲಿ ಮೇಯಿಸಲು ಅವರಿಗೆ ಪಾಸ್ ಇತ್ತು. ಅದೊಂದೇ ಅವರ ಆಧಾರ, ಹೊಲವಿರಲಿಲ್ಲ. ಮಾತು ಜಾಸ್ತಿ, ಬೀಡಿ ಇನ್ನೂ ಜಾಸ್ತಿ. ಆ ಮಧ್ಯಾಹ್ನ ಅಪ್ಪ ಆಫೀಸಿನ ಕೆಲಸಕ್ಕೆ ಮುಂಡರಗಿಗೆ ಹೋಗಿದ್ದರು. ಕಾಕಾ ಕಟ್ಟೆಯ ಹತ್ತಿರ ಬಂದು ಒಳಗೆ ಇಣುಕಿದರು.

“ನಿಮ್ಮಪ್ಪ ಇಲ್ಲ ಹೌದಲ್ಲವ್ವಾ? ಇದ್ರ ಒಂದೊಂದು ಕುರಿಗೂ ಪಾಸ್ ಮಾಡ್ಸಿ ಕೊಳ್ಳಾಗ ಕಟ್ಟು ಅಂತಾರ.”

“ಇಲ್ರಿ ಕಾಕಾ, ಸಂಜಿಗೆ ಬರ್ತಾರ.”

“ಹಂಗಾರ ಕಡ್ಡಿಪೆಟ್ಟಿಗಿ ಕೊಡು. ನಂದು ಮುಗದೈತಿ. ಬೀಡಿ ಸೇದಬ್ಯಾಡ ಅಂತಾಳ ನನ್ನ ಹೇಣ್ತಿ. ಆಕಿ ಮಾತು ಕೇಳಿದ್ರ ಉಸುರೂ ಬಿಡಬಾರದು.”

ಅಡುಗೆಮನೆಯಿಂದ ತಂದುಕೊಟ್ಟೆ. ಅವರು ಬೀಡಿ ಹಚ್ಚಿಕೊಂಡರು. ಆಗ ನಾನು ಅವರ ಹೆಗಲಿನಾಚೆ ಗುಡ್ಡ ನೋಡಿದೆ. ಪಡುವಣ ದಿಕ್ಕಿನಲ್ಲಿ, ಲೈನಿಗಿಂತ ಬಹಳ ಕೆಳಗೆ, ಬಿಳಿ ಹೊಗೆ ಏಳುತ್ತಿತ್ತು. ಅದು ಯಾರಿಂದ ಹುಟ್ಟಿತೆಂದು ನಾನು ಕಂಡಿಲ್ಲ, ಇವತ್ತಿಗೂ ಗೊತ್ತಿಲ್ಲ. ಅದು ಎದ್ದಾಗ ಕಾಕಾ ನನ್ನೆದುರು ನಿಂತಿದ್ದರು ಎಂಬುದು ಗೊತ್ತು.

“ಕಾಕಾ, ಅಲ್ಲಿ ನೋಡ್ರಿ.”

ತಿರುಗಿ ನೋಡಿದರು. ಬೀಡಿ ನೆಲಕ್ಕೆ ಹಾಕಿ ಕಾಲಿನಿಂದ ಹೊಸಕಿದರು. ಕಡ್ಡಿಪೆಟ್ಟಿಗೆಯನ್ನು ಮರೆತು ಸೊಂಟಕ್ಕೆ ಸಿಗಿಸಿಕೊಂಡರು. “ಕುರಿ ಕಡೆ ಕಣ್ಣಿಡವ್ವಾ” ಎಂದವರೇ ಓಡಿದರು.

ಬೆಂಕಿ ಲೈನಿನ ತನಕ ಜೋರಾಗಿ ಬಂತು. ಅದರ ಮುಂದೆ ಕಾಜಾಣ, ಹದ್ದುಗಳು ಹಾರಾಡುತ್ತ ಹೊಗೆಯಿಂದ ಹೊರಬಿದ್ದ ಮಿಡತೆಗಳನ್ನು ಹಿಡಿಯುತ್ತಿದ್ದವು. ಒಂದು ಮೊಲ ಲೈನು ದಾಟಿ ಮೇಲಕ್ಕೆ ಹೋಯಿತು. ಲೈನಿಗೆ ಬಂದಮೇಲೆ ಬೆಂಕಿ ನಿಂತಂತೆ ಕಂಡಿತು. ಜ್ವಾಲೆ ಕುಸಿಯಿತು. ಆಮೇಲೆ ಹೊರೆಗಳ ಒಂದು ಒಟ್ಟಿಲು ಹೊತ್ತಿತು. ಅದರ ಪಕ್ಕದ್ದು ಹೊತ್ತಿತು. ಉರಿಯುವ ಹುಲ್ಲಿನ ಎಳೆಗಳು ಗಾಳಿಯಲ್ಲಿ ಎದ್ದು ಮೇಲಿನ ಹುಲ್ಲಿಗೆ ಬಿದ್ದವು. ತಡೆಯಲು ಮಾಡಿದ ಜಾಗದಿಂದಲೇ ಬೆಂಕಿ ದಾಟಿತು. ಕಾಕಾ ಅಲ್ಲಿ ಹಸಿ ಟೊಂಗೆಯಿಂದ ಬಡಿಯುತ್ತಿರುವುದು ಒಮ್ಮೆ ಕಂಡಿತು, ಮತ್ತೆ ಹೊಗೆಯಲ್ಲಿ ಕಾಣಲಿಲ್ಲ.

ಸಂಜೆ ಅಪ್ಪ ಬರುವಷ್ಟರಲ್ಲಿ ಮೇಲಿನ ಇಳಿಜಾರು ಪೂರ್ತಿ ಹೋಗಿತ್ತು. ಕಂಡದ್ದನ್ನು ಕಂಡ ಹಾಗೆ ಅವರಿಗೆ ಹೇಳಿದೆ. ಅವರು ಬೂಟು ಬಿಚ್ಚುತ್ತ ಕೇಳಿಸಿಕೊಂಡರು. ಒಂದು ಬೂಟು ಕೈಯಲ್ಲೇ ಇತ್ತು.

“ಲೈನಿನ್ಯಾಗ ಹೊರಿ ಇದ್ವು ಅನ್ನೋದು ಯಾರ ಮುಂದೂ ಆಡಬ್ಯಾಡ” ಎಂದರು.

“ಎಲ್ಲಾರೂ ನೋಡ್ಯಾರಲ್ಲಪ್ಪಾ.”

“ಈಗ ಬೂದಿ ಆಗೇತಿ. ಬೂದಿ ಎಲ್ಲಾ ಒಂದಽ.”

ಮರುದಿನ ಬೆಳಿಗ್ಗೆ ಅಪ್ಪನ ಇಲಾಖೆಯ ಸಾಹೇಬರು ಜೀಪಿನಲ್ಲಿ ಬರುವ ಮೊದಲು ನಾನು ಲೈನಿನ ತನಕ ಹೋಗಿಬಂದೆ. ನೆಲ ಇನ್ನೂ ಬಿಸಿಯಿತ್ತು. ಸುಟ್ಟ ಮುಳ್ಳುಹಂದಿಯ ಮುಳ್ಳುಗಳು ಕರಗಿ ಒಂದಕ್ಕೊಂದು ಅಂಟಿದ್ದವು. ಒಂದು ಆಮೆಯ ಚಿಪ್ಪು ಕಪ್ಪಾಗಿ ಬಿರಿದಿತ್ತು, ಓಡಲು ಬರದ ಪ್ರಾಣಿ ಅದು. ಕೌಜುಗದ ಮೊಟ್ಟೆಗಳು ಗುಣಿಯಲ್ಲಿ ಇಟ್ಟ ಹಾಗೇ ಇದ್ದವು, ಒಳಗೆ ಬೆಂದಿದ್ದವು. ಮಾಗಿಯ ಬೆಂಕಿಯಲ್ಲಿ ಹೀಗಾದದ್ದು ನಾನು ನೋಡಿರಲಿಲ್ಲ. ಆಗ ಮೊಟ್ಟೆಯ ಕಾಲವೂ ಅಲ್ಲ, ಬೆಂಕಿಯೂ ಇಷ್ಟು ಆಳಕ್ಕೆ ಇಳಿಯುತ್ತಿರಲಿಲ್ಲ.

ಸಾಹೇಬರಿಗೆ ಕಟ್ಟೆಯ ಮೇಲೆ ಕುರ್ಚಿ ಹಾಕಿದರು. ಅವ್ವ ಚಹಾ ತಂದಿಟ್ಟಳು. ಕಾಕಾನನ್ನು ಊರಿನಿಂದ ಕರೆಸಿ ಅಂಗಳದಲ್ಲಿ ನಿಲ್ಲಿಸಿದ್ದರು. ಮೊಣಕಾಲಿನ ಕೆಳಗೆ ಚರ್ಮ ಸುಟ್ಟು ಕೆಂಪಾಗಿತ್ತು, ಅದಕ್ಕೆ ಏನೋ ಎಲೆ ಅರೆದು ಹಚ್ಚಿದ್ದರು. ಸೊಂಟದಿಂದ ಕಡ್ಡಿಪೆಟ್ಟಿಗೆ ತೆಗೆಸಿ ಕುರ್ಚಿಯ ತೋಳಿನ ಮೇಲೆ ಇಟ್ಟಿದ್ದರು.

“ಬೆಂಕಿ ಬಿದ್ದಾಗ ನೀ ಅಲ್ಲಿ ಇರಲಿಲ್ಲಂದ್ರ ಕಾಲು ಹೆಂಗ ಸುಟ್ಟಿತೋ?” ಎಂದು ಸಾಹೇಬರು ಕೇಳಿದರು.

“ಬೆಂಕಿ ಆರಿಸಾಕ ಹೋಗಿದ್ನಿರಿ. ಅದಽ ತಪ್ಪಾತು. ಬೀಡಿ ಸೇದಕೋತ ಕುಂತಿದ್ರ ಬಚಾವ್ ಆಗ್ತಿದ್ದೆ.”

ಸಾಹೇಬರು ಅಪ್ಪನ ಕಡೆ ತಿರುಗಿದರು. “ಇವರು ಬೆಂಕಿ ಹಚ್ಚೋ ಮಂದಿ ಏನ್ರಿ?”

“ಹಿಂದಕ ಹಚ್ತಿದ್ರು ಸಾಹೇಬ್ರ” ಎಂದರು ಅಪ್ಪ.

ಅದು ಸುಳ್ಳಲ್ಲ. ಅಪ್ಪ ಆ ದಿನ ಒಂದೂ ಸುಳ್ಳು ಹೇಳಲಿಲ್ಲ. ಬೆಂಕಿ ಹೇಗೆ ದಾಟಿತೆಂದು ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ನಾನು ಬಾಗಿಲಿನಿಂದ ಹೊರಗೆ ಬಂದೆ. “ಆ ಕಡ್ಡಿಪೆಟ್ಟಿಗಿ ನಮ್ಮನೀದ್ರಿ. ನಾನಽ ಕೊಟ್ಟೇನಿ. ಹೊಗಿ ಎದ್ದಾಗ ಕಾಕಾ ಇಲ್ಲೇ ನಿಂತಿದ್ರು. ಬೆಂಕಿ ಲೈನಿನ್ಯಾಗ ಒಟ್ಟಿದ ಹುಲ್ಲಿಗೆ ಹತ್ತಿ ಮ್ಯಾಲ ಹೋತು. ನಾ ನೋಡೇನಿ.”

ಸಾಹೇಬರು ನನ್ನನ್ನು ನೋಡಲಿಲ್ಲ, ಅಪ್ಪನನ್ನು ನೋಡಿದರು. ಅಪ್ಪ ನಕ್ಕರು. ಆ ನಗುವನ್ನು ನಾನು ಅದಕ್ಕೆ ಮೊದಲು ಅವರ ಮುಖದಲ್ಲಿ ಕಂಡಿರಲಿಲ್ಲ. “ಸಣ್ಣ ಹುಡುಗಿ ರೀ. ಬೆಂಕಿ ನೋಡಿ ಹೆದರ್ಯಾಳ” ಎಂದರು. ಅವ್ವ ನನ್ನ ರಟ್ಟೆ ಹಿಡಿದು ಒಳಗೆ ಎಳೆದುಕೊಂಡಳು.

ಕೇಸು ಕೋರ್ಟಿಗೆ ಹೋಗಲಿಲ್ಲ. ಹೋಗಿದ್ದರೆ ನನ್ನ ಮಾತನ್ನು ಯಾರಾದರೂ ಕೇಳುತ್ತಿದ್ದರೇನೋ. ಪಾಸ್ ರದ್ದು ಮಾಡಿ, ಗುಡ್ಡಕ್ಕೆ ಕುರಿ ಹೊಡೆಯಬಾರದೆಂದು ಹೇಳಿ ಕಾಕಾನನ್ನು ಬಿಟ್ಟರು. ಅವರು ಕುರಿ ಹೊಡೆದುಕೊಂಡು ಹೊಳೆಯ ದಂಡೆಯ ಕಡೆ ಹೋದರೆಂದು ಆಮೇಲೆ ಕೇಳಿದೆ. ಮೊದಲ ಮಳೆಗೇ ಸುಟ್ಟ ಬುಡಗಳಿಂದ ಹುಲ್ಲು ಚಿಗುರಿತು. ಹುಲ್ಲಿಗೆ ಬೆಂಕಿ ಹೊಸದಲ್ಲ. ಆದರೆ ಮೇಲಿನವರ ಪಾಲಿಗೆ ಅದು ಸುಟ್ಟುಹೋದ ಅಡವಿ, ಏನಾದರೂ ನೆಡಲೇಬೇಕು. ಇಳಿಜಾರಿನಲ್ಲಿ ಗುಣಿ ತೆಗೆಸಿ ನೀಲಗಿರಿ ಹಚ್ಚಿದರು. ಸಸಿ ಎತ್ತರವಾದಂತೆ ಅದರ ಕೆಳಗೆ ಹುಲ್ಲು ತೆಳುವಾಯಿತು. ಕೌಜುಗದ ಕೂಗು ದೂರವಾಯಿತು. ಅಪ್ಪ ಆ ಸಸಿಗಳನ್ನೂ ನಿಷ್ಠೆಯಿಂದ ಕಾಯ್ದರು. ತೋಳದ ಹೆಜ್ಜೆ ತೋರಿಸಲು ನನ್ನನ್ನು ಮತ್ತೆ ಕರೆಯಲಿಲ್ಲ. ಕರೆದಿದ್ದರೂ ನಾನು ಹೋಗುತ್ತಿರಲಿಲ್ಲ.

ಕೆಲವು ವರ್ಷಗಳ ಮೇಲೆ, ಮದುವೆಯಾಗಿ ತವರಿಗೆ ಬಂದಿದ್ದಾಗ, ಮುಂಡರಗಿ ಬಸ್ ಸ್ಟ್ಯಾಂಡಿನಲ್ಲಿ ಕಾಕಾ ಸಿಕ್ಕರು. ನನ್ನ ಗುರುತು ಅವರೇ ಮೊದಲು ಹಿಡಿದರು.

“ನಿಮ್ಮಪ್ಪಾರು ಆರಾಮ ಅದಾರೇನವ್ವಾ?”

“ಅದಾರ್ರಿ. ರಿಟೈರ್ ಆಗ್ಯಾರ.”

“ಗುಡ್ಡದಾಗ ಹುಲ್ಲು ಹೆಂಗೈತಿ?”

“ನೀಲಗಿರಿ ಹಚ್ಯಾರ್ರಿ ಕಾಕಾ.”

“ಅದನ್ನ ಕುರಿ ತಿನ್ನಂಗಿಲ್ಲ” ಎಂದರು. “ಚಲೋ ಆತು ಬಿಡು. ಗಾರ್ಡ್ ಮಂದಿಗೆ ನಮ್ಮನ್ನ ಕಾಯೋ ಕೆಲಸ ತಪ್ಪಿತು.”

“ನಾ ಅವತ್ತು ಹೇಳಿದ್ನಿರಿ ಕಾಕಾ.”

“ಹೇಳಿದ್ದಿ. ನಾ ಅಲ್ಲೇ ನಿಂತಿದ್ನಲ್ಲ, ಕೇಳೇನಿ.”

ಹೊಳೆಯ ಕಡೆ ಹೋಗುವ ಕೊರ್ಲಹಳ್ಳಿ ಬಸ್ಸು ಬಂತು. ಅವರು ಕಂಬಳಿ ಹೆಗಲಿಗೇರಿಸಿ ನೂಕುನುಗ್ಗಲಿನಲ್ಲಿ ಹತ್ತಿದರು.

ಮನೆಗೆ ಬಂದು, ಕಾಕಾ ಸಿಕ್ಕಿದ್ದರು ಎಂದು ಅಪ್ಪನಿಗೆ ಹೇಳಿದೆ. ಅವರು ಪೇಪರಿನಿಂದ ತಲೆ ಎತ್ತಲಿಲ್ಲ. ಪುಟವನ್ನೂ ತಿರುವಲಿಲ್ಲ. “ಕುರಿ ಇನ್ನೂ ಅದಾವಂತೇನು?” ಎಂದು ಕೇಳಿದರು.

ಅದನ್ನು ನಾನು ಕಾಕಾನನ್ನು ಕೇಳಿರಲಿಲ್ಲ.