ಇಲ್ಲ ಎಂದವನ ಊರಿಗೆ

ಯುದ್ಧದ ಕಾಲ. ಪೆಟ್ರೋಲು ಸಿಗದೆ ನಮ್ಮ ಕಡೆಯ ಬಸ್ಸುಗಳೆಲ್ಲ ಇದ್ದಿಲಿನಿಂದ ಓಡುತ್ತಿದ್ದವು. ಚನ್ನರಾಯಪಟ್ಟಣದಲ್ಲಿ ನಾನು ಬಸ್ಸು ಹತ್ತಿದಾಗ ಕೆರೆಯ ಮೇಲಿನ ಮಂಜು ಇನ್ನೂ ಕರಗಿರಲಿಲ್ಲ. ಕ್ಲೀನರು ಬಸ್ಸಿನ ಹಿಂದೆ ಕಟ್ಟಿದ್ದ ಒಲೆಗೆ ಇದ್ದಿಲು ಸುರಿದು ಗಾಳಿಯ ಚಕ್ರ ತಿರುಗಿಸುತ್ತಿದ್ದ. ಹೊಗೆ ಹದಕ್ಕೆ ಬರುವವರೆಗೆ ನಾವೆಲ್ಲ ಮುದುರಿಕೊಂಡು ಕುಳಿತಿದ್ದೆವು. ಹಾಸನಕ್ಕೆ ಹತ್ತಾಣೆ ಟಿಕೆಟ್ಟು. ಏರು ಬಂದಲ್ಲೆಲ್ಲ ಇಳಿದು ತಳ್ಳಬೇಕಾಗುತ್ತದೆಂದು ಕಂಡಕ್ಟರು ಮೊದಲೇ ಹೇಳಿದ್ದ.

ಹಿಂದಿನ ದಿನ ಅರಕಲಗೂಡಿನ ಕಾಯಿ ವ್ಯಾಪಾರಿಯೊಬ್ಬ ನಾನು ಪಾಠ ಹೇಳುವ ಶಾಲೆಯ ಬಾಗಿಲಿಗೆ ಬಂದು ಸುದ್ದಿ ಮುಟ್ಟಿಸಿದ್ದ. “ಹೊಗೆಸೊಪ್ಪಿನ ಮಂಡಿ ಚನ್ನವೀರಪ್ಪೋರು ಆಸಿಗೆ ಇಡಿದವ್ರೆ ಸಾ. ಒಟ್ಟೆ ಊದ್ಕೊಂಡದೆ. ಮೇಷ್ಟ್ರುನ್ನ ಬ್ಯಾಗ ಬರಾಕ್ ಯೋಳು ಅಂದ್ರು.”

ಚನ್ನವೀರಪ್ಪ ಮೈಸೂರಿನ ಕಾಲೇಜಿನಲ್ಲಿ ನನ್ನ ಜೊತೆ ಓದಿದವನು. ಒಂದೇ ಕೋಣೆಯಲ್ಲಿದ್ದೆವು. ಇಬ್ಬರೂ ಶಿವಭಕ್ತರ ಮನೆಯ ಮಕ್ಕಳು, ನಡೆಯಲು ಕಲಿಯುವ ಮೊದಲೇ ಕೊರಳಿಗೆ ಲಿಂಗ ಕಟ್ಟಿಸಿಕೊಂಡವರು. ಕಾಲೇಜು ಮುಗಿಸುವ ಹೊತ್ತಿಗೆ ಅವನು ದೇವರಿಲ್ಲ ಎನ್ನುತ್ತಿದ್ದ, ನಾನು ಗೊತ್ತಿಲ್ಲ ಎನ್ನುತ್ತಿದ್ದೆ. ಊರಿನವರ ಕಣ್ಣಿಗೆ ಎರಡೂ ಒಂದೇ. ಆದರೆ ನಾವಿಬ್ಬರು ಹೆಚ್ಚುಕಡಮೆ ಇಪ್ಪತ್ತು ವರ್ಷ ಇದೇ ಒಂದು ವಿಷಯಕ್ಕೆ ಜಗಳವಾಡಿದ್ದೆವು. ಅವನಿಗೆ ನಾಸ್ತಿಕ ಎಂಬ ಹೆಸರಾದರೂ ಇತ್ತು. ಬೈಯುವವರಿಗೂ ಒಂದು ಪದ ಸಿಗುತ್ತಿತ್ತು. ನನ್ನಂಥವನನ್ನು ಏನೆಂದು ಕರೆಯಬೇಕೋ ಯಾರಿಗೂ ತಿಳಿದಿರಲಿಲ್ಲ. ನನ್ನ ಹೆಂಡತಿ ತೀರಿಕೊಂಡು ಎರಡು ವರ್ಷವಾಗಿತ್ತು, ಮಕ್ಕಳಿಲ್ಲ. ಮನಸ್ಸು ಬಿಚ್ಚಿ ಮಾತಾಡಲು ಈ ಭೂಮಿಯ ಮೇಲೆ ಉಳಿದಿದ್ದವನು ಇವನೊಬ್ಬನೇ.

ಹಾಸನ ಮುಟ್ಟಿದಾಗ ಬಿಸಿಲೇರಿತ್ತು. ಅರಕಲಗೂಡಿಗೆ ನೇರವಾಗಿ ಹೋಗುವ ಬಸ್ಸು ಕೆಟ್ಟು ನಿಂತಿತ್ತು. ಎರಡು ದಿನವಾದರೂ ಆದೀತು ಎಂದರು. ಸ್ಟೇಷನ್ನಿನ ಎದುರಿನ ಹೋಟೆಲಿನಲ್ಲಿ ಉಪ್ಪಿಟ್ಟು ತಿಂದೆ. ಕಾಫಿಗೆ ಸಕ್ಕರೆಯಿಲ್ಲದೆ ಬೆಲ್ಲ ಹಾಕಿದ್ದರು. ಮಧ್ಯಾಹ್ನದ ರೈಲಿನಲ್ಲಿ ಹೊಳೆನರಸೀಪುರಕ್ಕೆ ಹೋಗಿ ಅಲ್ಲಿಂದ ಗಾಡಿ ಹಿಡಿಯುವುದೆಂದು ನಿಶ್ಚಯಿಸಿದೆ. ಸುತ್ತು ದಾರಿ, ಆದರೆ ಸುಮ್ಮನೆ ಕೂರುವುದಕ್ಕಿಂತ ವಾಸಿ.

ಹೊಳೆನರಸೀಪುರ ಹತ್ತಿರವಾದಾಗ ರೈಲು ಹೇಮಾವತಿಯ ಸೇತುವೆಯ ಮೇಲೆ ನಿಧಾನವಾಯಿತು. ಕೆಳಗೆ ನೀರು ಕಡಮೆಯಾಗಿ ಬಂಡೆಗಳು ಕಾಣುತ್ತಿದ್ದವು. ಕಾಲೇಜಿನ ಕೊನೆಯ ರಜೆಯಲ್ಲಿ ಇದೇ ರೈಲಿನಲ್ಲಿ ಊರಿಗೆ ಬರುವಾಗ ಚನ್ನವೀರಪ್ಪ ಇದೇ ಸೇತುವೆಯ ಮೇಲೆ ಕೊರಳಿನ ಲಿಂಗದ ಕರಡಿಗೆಯನ್ನು ಬಿಚ್ಚಿ ಹೊಳೆಗೆ ಬಿಟ್ಟಿದ್ದ. ನಾನು ನನ್ನದನ್ನು ಬಿಚ್ಚಿ, ಕೈಯಲ್ಲಿ ಹಿಡಿದು, ಒಂದು ವಸ್ತ್ರದಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟುಕೊಂಡೆ. ಅವನು ಬಿದ್ದು ಬಿದ್ದು ನಕ್ಕಿದ್ದ. ನನ್ನ ಕರಡಿಗೆ ಈಗಲೂ ಮನೆಯ ಪೆಟ್ಟಿಗೆಯಲ್ಲೇ ಇದೆ. ಕಟ್ಟಿಕೊಂಡೂ ಇಲ್ಲ, ಬಿಸಾಡಿಯೂ ಇಲ್ಲ.

ಹೊಳೆನರಸೀಪುರದಲ್ಲಿ ಸಿಕ್ಕಿದ ಗಾಡಿಯವನು ಕೆಂಪೇಗೌಡ ಎಂಬ ಒಕ್ಕಲಿಗ. ಹಳ್ಳಿಮೈಸೂರಿನವರೆಗೆ ಬಂದು ತನ್ನ ಮನೆಯಲ್ಲೇ ಮಲಗಲು ಜಾಗ ಕೊಟ್ಟು ಬೆಳಿಗ್ಗೆ ಅರಕಲಗೂಡು ಮುಟ್ಟಿಸುತ್ತೇನೆ ಎಂದ. ದಾರಿಯ ಎರಡೂ ಕಡೆ ರಾಗಿ ಕುಯ್ದ ಹೊಲಗಳು ಬರಿದಾಗಿ ಬಿದ್ದಿದ್ದವು. ಯಾರ ಮನೆಗೆ ಎಂದು ಕೇಳಿದ, ಹೇಳಿದೆ.

“ಅಯ್, ದ್ಯಾವ್ರಿಲ್ಲ ಅನ್ನೋ ಚನ್ನವೀರಪ್ಪೋರಾ?” ಎಂದು ಹಿಂತಿರುಗಿ ನೋಡಿದ. “ನಮ್ಮ ಸೊಪ್ಪೆಲ್ಲ ಅವ್ರ ಮಂಡಿಗೇ ಆಕಾದು ಸಾ. ತೂಕದಲ್ಲಿ ಒಂದು ಎಲೆ ಎಚ್ಚುಕಮ್ಮಿ ಮಾಡಾಕಿಲ್ಲ. ದ್ಯಾವ್ರಿಲ್ಲ ಅನ್ನೋನು ಯಾಕೆ ಇಂಗವ್ನೆ ಅಂತ ನಮ್ಮೂರೋರಿಗೆ ಅರ್ಥವೇ ಆಗಾಕಿಲ್ಲ. ನೀವೂ ಅವ್ರಂಗೇಯಾ?”

“ಇಲ್ಲಪ್ಪ. ನನಗೆ ಗೊತ್ತಿಲ್ಲ.”

“ಗೊತ್ತಿಲ್ದಿದ್ರೆ ಗೊತ್ತಿರೋರ ತಾವ ಕೇಳಿ ಸಾ,” ಎಂದು ಅವನು ಎತ್ತಿನ ಬೆನ್ನು ಚಪ್ಪರಿಸಿದ. ಹಳ್ಳಿಮೈಸೂರು ಮುಟ್ಟಿದಾಗ ಕತ್ತಲಾಗಿತ್ತು. ಅವನ ಮನೆಯಲ್ಲಿ ಮುದ್ದೆ, ಅವರೆಕಾಳಿನ ಸಾರು. ಜಗಲಿಯ ಮೇಲೆ ಕಂಬಳಿ ಹಾಸಿಕೊಟ್ಟರು.

ಮಾರನೆಯ ದಿನ ಅರಕಲಗೂಡಿನ ಪೇಟೆಬೀದಿಗೆ ಬಂದಾಗ ಚನ್ನವೀರಪ್ಪನ ಮಂಡಿಯ ಬಾಗಿಲು ಅರ್ಧ ಮುಚ್ಚಿತ್ತು. ಮಂಡಿಯ ಹಿಂದೆಯೇ ಮನೆ. ನಡುಮನೆಯ ಮಂಚದ ಮೇಲೆ ಅವನು ದಿಂಬಿಗೆ ಒರಗಿ ಕುಳಿತಿದ್ದ. ಮುಖ ಒಣಗಿ, ಹೊಟ್ಟೆ ಮಾತ್ರ ಬಿಗಿದು ನಿಂತಿತ್ತು. ಜಲೋದರ, ನೀರು ತೆಗೆದಷ್ಟೂ ತುಂಬುತ್ತದೆ ಎಂದು ಡಾಕ್ಟರು ಕೈಬಿಟ್ಟಿದ್ದರು.

“ಬಂದ್ಯೇನ್ಲಾ ಶಂಕ್ರಾ,” ಎಂದ. “ನಾನು ಸಾಯ್ತೀನಿ ಅನ್ನೋದಾದ್ರೂ ಗೊತ್ತಾ, ಅದೂ ಗೊತ್ತಿಲ್ವಾ?”

ಮಂಚದ ಅಂಚಿನಲ್ಲಿ ಕುಳಿತು ಅವನ ಕೈ ಹಿಡಿದುಕೊಂಡೆ.

ಹೆಂಡತಿ ಗೌರಮ್ಮ ನೀರು ತರಲು ಹೋದಾಗ ಅವನು ಕರೆಸಿದ ಕಾರಣ ಹೇಳಿದ. “ನಮ್ಮಣ್ಣ ಮಠದ ಅಯ್ಯನೋರಿಗೆ ಹೇಳಿಟ್ಟವ್ನೆ. ನನ್ನ ಪ್ರಜ್ಞೆ ತಪ್ಪಿದ್ದೇ ತಡ, ವಿಭೂತಿ ಬಳಿದು ಕೈಗೆ ಲಿಂಗ ಕೊಡ್ತಾರೆ. ಸತ್ತ ಮೇಲೆ ತಲೆ ಮೇಲೆ ಅಯ್ಯನೋರ ಪಾದ ಇಡಿಸ್ತಾರೆ. ಅದ್ಯಾವುದೂ ಆಗ್ಬಾರ್ದು. ಸುಮ್ನೆ ಮಣ್ಣು ಮಾಡ್ಬೇಕು. ನೀನು ನೋಡ್ಕೋಬೇಕು.”

“ನೋಡೋಣ.”

“ನಿನ್ನ ನೋಡೋಣಕ್ಕೆ ಬೆಂಕಿ ಬೀಳ!” ಅವನಿಗೆ ಉಸಿರು ಹತ್ತಿತು. ಸುಧಾರಿಸಿಕೊಂಡು ಮೆಲ್ಲಗೆ ಹೇಳಿದ: “ನಿನ್ನ ಹೆಂಡ್ತಿ ಹೋದಾಗ ಎಲ್ಲಾ ಶಾಸ್ತ್ರ ಮಾಡಿಸ್ದೆ. ನಾನು ಪಕ್ಕದಲ್ಲೇ ನಿಂತಿದ್ದೆ. ಒಂದು ಮಾತಾಡಿದ್ನಾ? ಆಕೆಗೆ ಬೇಕಾಗಿತ್ತು ಕಣ್ಲಾ. ನನಗೆ ಬೇಡ. ಅಷ್ಟೇ.”

“ಆಯ್ತು. ನಾನಿರ್ತೀನಿ,” ಎಂದೆ.

ಅಲ್ಲಿದ್ದ ದಿನಗಳಲ್ಲಿ ನನಗೆ ಮಾಡಲು ಏನೂ ಕೆಲಸವಿರಲಿಲ್ಲ. ಬೆಳಿಗ್ಗೆ ಪೇಟೆಯಲ್ಲಿ ಒಂದು ಸುತ್ತು ಹೋಗಿ ಬರುತ್ತಿದ್ದೆ. ಯಾರ ಮನೆಗೆ ಬಂದವನೆಂದು ಊರಿಗೆಲ್ಲ ತಿಳಿದಿತ್ತು. ನಮಸ್ಕಾರ ಮಾಡುವವರೂ ದೂರದಿಂದಲೇ ಮಾಡುತ್ತಿದ್ದರು. ಚನ್ನವೀರಪ್ಪನ ಹಿರಿಯಣ್ಣ ಮಲ್ಲೇಶಪ್ಪ ದಿನಕ್ಕೆರಡು ಸಲ ಬಂದು ತಮ್ಮನ ಕಾಲು ಒತ್ತಿ, ನನ್ನೊಡನೆ ಒಂದು ಮಾತೂ ಆಡದೆ ಹೋಗುತ್ತಿದ್ದರು. ಗೌರಮ್ಮ ಮಾತ್ರ ಒಂದು ಮಧ್ಯಾಹ್ನ ಅವನು ಮಲಗಿದ್ದಾಗ ಬಾಗಿಲ ಬಳಿ ಕುಳಿತು ಕೇಳಿದರು.

“ನಿಮ್ಗೂ ಇವ್ರಿಗೂ ಏನ್ ಯತ್ಯಾಸ ಮೇಷ್ಟ್ರೆ? ಇಬ್ರೂ ಲಿಂಗ ಕಟ್ಟಾಕಿಲ್ಲ. ಇಬ್ರೂ ಪೂಜೆ ಮಾಡಾಕಿಲ್ಲ.”

“ಒಂದು ಮನೆಯ ಕದ ತಟ್ಟಿದೆವು ಅಂತಿಟ್ಟುಕೊಳ್ಳಿ ಅಮ್ಮಾ. ಒಳಗಿಂದ ಸದ್ದಿಲ್ಲ. ಅವನು ಯಾರೂ ಇಲ್ಲ ಅಂತ ಹೇಳಿ ತನ್ನ ಕೆಲಸಕ್ಕೆ ಹೋಗ್ತಾನೆ. ನಾನು ಅಲ್ಲೇ ನಿಂತಿರ್ತೀನಿ.”

“ಎಷ್ಟೊತ್ತು ಅಂತ ನಿಂತಿರ್ತೀರಾ?”

“ಅದೂ ಗೊತ್ತಿಲ್ಲ.”

“ಪಾಪ,” ಎಂದರು ಆಕೆ ನನ್ನನ್ನು ನೋಡಿ. ಗಂಡನ ಬಗ್ಗೆ ಅವರು ಆ ಮಾತು ಆಡಿದ್ದನ್ನು ನಾನು ಎಂದೂ ಕೇಳಿರಲಿಲ್ಲ.

ಆಮೇಲೆ ಅವನಿಗೆ ಜ್ವರ ಬಂತು, ಮಾತು ತೊದಲಿತು. ಒಂದು ಬೆಳಿಗ್ಗೆ ನಾನು, ಗೌರಮ್ಮ, ಮಲ್ಲೇಶಪ್ಪ ಮೂವರೂ ಮಂಚದ ಸುತ್ತ ಇದ್ದಾಗ, ಮಗ್ಗುಲು ಬದಲಿಸಲು ಹೋಗಿ ನೋವು ತಡೆಯದೆ “ಶಿವನೇ!” ಎಂದು ಕೂಗಿದ. ಇನ್ನೊಂದು ಸಲ, ಸಣ್ಣಗೆ, “ಶಿವನೇ.” ಆಮೇಲೆ ಮಾತಿಲ್ಲ. ಬಿಸಿಲು ನಡುಮನೆಗೆ ಬರುವಷ್ಟರಲ್ಲಿ ಉಸಿರು ನಿಂತಿತು.

ನಾನು ಅವನ ಕಣ್ಣು ಮುಚ್ಚಿದೆ. ಗೌರಮ್ಮನ ಅಳು ಕೇಳಿ ಬೀದಿಯವರು ಬಂದು ಬಾಗಿಲಲ್ಲಿ ನಿಂತರು. ಮಲ್ಲೇಶಪ್ಪ ಹೊರಗೆ ಹೋದವರು ಅಯ್ಯನವರನ್ನು ಕರೆದುಕೊಂಡೇ ಬಂದರು. ಅವರ ಕೈಯ ತಟ್ಟೆಯಲ್ಲಿ ವಿಭೂತಿ, ಪತ್ರೆ, ಹೊಸದೊಂದು ಲಿಂಗ.

ನಾನು ಎದ್ದು ಮಂಚಕ್ಕೆ ಅಡ್ಡ ನಿಂತೆ. “ಅವನು ಬೇಡ ಅಂದಿದ್ದಾನೆ,” ಎಂದೆ.

“ಬ್ಯಾಡ ಅಂದೋನು ಶಿವನೇ ಅಂತ ಯಾಕೆ ಕೂಗ್ದ?” ಮಲ್ಲೇಶಪ್ಪನವರ ದನಿ ಬೀದಿಗೂ ಕೇಳಿಸುವಂತಿತ್ತು. “ನೀವೂ ಕೇಳಿದ್ರಿ ಮೇಷ್ಟ್ರೆ. ಸುಳ್ಳಾ?”

“ಸುಳ್ಳಲ್ಲ.”

“ಕೊನೇಲಿ ಬುದ್ಧಿ ಬಂತು ಅಂತ ತಾನೆ ಅರ್ಥ?”

ಅವನನ್ನು ಕಾಯಬೇಕಾದರೆ ನಾನು ಒಂದು ಸುಳ್ಳು ಹೇಳಬೇಕಿತ್ತು. ಅದು ಬರೀ ನರಳಾಟ, ಬೇರೇನಲ್ಲ ಎಂದು ಖಂಡಿತವಾಗಿ ಹೇಳಬೇಕಿತ್ತು. ಅವನಾಗಿದ್ದರೆ ಹೇಳುತ್ತಿದ್ದ. ನನಗೆ ಬಾಯಿ ಬರಲಿಲ್ಲ. “ನೋವಿಗೆ ಕೂಗಿದನೋ, ನಿಜವಾಗಿ ಕರೆದನೋ, ನನಗೆ ಗೊತ್ತಿಲ್ಲ,” ಎಂದೆ.

“ಮತ್ತೆ ನಿಮ್ಗೆ ಏನ್ ತಾನೆ ಗೊತ್ತು?”

“ಬುದ್ಧಿ ನೆಟ್ಟಗಿದ್ದಾಗ ಅವನು ಹೇಳಿದ್ದು ಗೊತ್ತು. ನಿಮಗೂ ಹೇಳಿದ್ದ. ಅಷ್ಟು ಮಾತ್ರ ಗೊತ್ತು.”

ಮಲ್ಲೇಶಪ್ಪ ನನ್ನನ್ನು ದೂಡಿ ಮುಂದೆ ಬರುತ್ತಾರೆಂದುಕೊಂಡೆ. ಅವರು ಇದ್ದಲ್ಲೇ ಕುಸಿದು ಕೂತರು. “ನನ್ ತಮ್ಮ ಕಣ್ರೀ,” ಎಂದು ಅಳತೊಡಗಿದರು. “ನಾನೇ ಎತ್ತಿ ಆಡಿಸ್ದೋನು. ಅಲ್ಲೋಗಿ ಇವ್ನು ಬರಿಗೈಲಿ ನಿಂತ್ಕಂಡ್ರೆ ಯಾರು ಒಳಿಕ್ ಬಾ ಅಂತಾರೆ?”

ಚನ್ನವೀರಪ್ಪನಾಗಿದ್ದರೆ, ಅಣ್ಣ, ‘ಅಲ್ಲಿ’ ಎಂಬುದೇ ಇಲ್ಲ, ಅಳಬೇಡ ಎಂದು ಸಮಾಧಾನ ಹೇಳುತ್ತಿದ್ದ. ಅಯ್ಯನವರಾದರೆ ಬೇರೆ ಸಮಾಧಾನ ಹೇಳುತ್ತಿದ್ದರು. ನನ್ನ ಹತ್ತಿರ ಯಾವುದೂ ಇರಲಿಲ್ಲ. ಆ ಮನೆ ತುಂಬ ಜನವಿದ್ದರೂ ಅಷ್ಟು ಒಂಟಿಯಾಗಿ ನಾನು ಎಂದೂ ನಿಂತಿರಲಿಲ್ಲ.

ಆಗ ಗೌರಮ್ಮ ಎದ್ದರು. ಕಣ್ಣೊರೆಸಿಕೊಂಡು ಅಯ್ಯನವರಿಗೆ ಕೈ ಮುಗಿದು ತಟ್ಟೆಯನ್ನು ತಾವೇ ಇಸಿದುಕೊಂಡು ದೇವರ ಗೂಡಿನಲ್ಲಿಟ್ಟರು.

“ಬಾವಾ,” ಎಂದರು. “ನನ್ ಕೊರಳಲ್ಲಿ ಲಿಂಗ ಅದೆ. ನಾನು ನಂಬ್ದೋಳು. ಶಿವ ಅವ್ನೆ ಅಂದ್ಮ್ಯಾಕೆ, ಇವ್ರು ಎಂಥೋರು ಅಂತ ಅವ್ನಿಗೆ ಯಾರೂ ಯೋಳ್ಬೇಕಾಗಿಲ್ಲ. ಕೈ ಖಾಲಿ ಅದೆ ಅಂತ ಒರಗೆ ನಿಲ್ಸೋ ಶಿವ ಆದ್ರೆ ನಾನೂ ಅವ್ನ ತಾವ್ಕೆ ಓಗಾಕಿಲ್ಲ. ಬ್ಯಾಡ ಅಂದೋರ ಕೈಗೆ ನಾನು ಏನೂ ಇಡಾಕಿಲ್ಲ.”

ಅಯ್ಯನವರು ವಯಸ್ಸಾದವರು. “ನಿನ್ನಿಷ್ಟ ತಾಯಿ,” ಎಂದು ಹೊರಟುಹೋದರು. ಅವರ ಹಿಂದೆ ಬಂಧುಗಳಲ್ಲಿ ಬಹಳ ಮಂದಿ ಹೋದರು.

ಹೆಣ ಹೊರಲು ಮಂಡಿಯ ಕೂಲಿಯವರು ಬಂದರು. ಒಂದು ಹೆಗಲು ನಾನು ಕೊಟ್ಟೆ. ಮಲ್ಲೇಶಪ್ಪ ಬರುವುದಿಲ್ಲವೆಂದು ಹೇಳಿದ್ದವರು ಅರ್ಧ ದಾರಿಯಲ್ಲಿ ಓಡಿಬಂದು, ಮುಂದಿನ ಕೂಲಿಯವನನ್ನು ಸರಿಸಿ, ತಾವೇ ಹೆಗಲಿಗೆ ತೆಗೆದುಕೊಂಡರು. ಅವರದೇ ಹೊಲದ ಬದುವಿನಲ್ಲಿ, ಹೊಂಗೆ ಮರದ ಕೆಳಗೆ ಗುಂಡಿ ತೋಡಿದ್ದರು. ಘಂಟೆಯಿಲ್ಲ, ಶಂಖವಿಲ್ಲ. ಮಣ್ಣು ಬೀಳುವ ಸದ್ದು ಮಾತ್ರ ಕೇಳುತ್ತಿತ್ತು. ಎಲ್ಲರೂ ಹಿಂತಿರುಗಿದ ಮೇಲೂ ಗೌರಮ್ಮ ಅಲ್ಲೇ ಕುಳಿತು ತುಟಿ ಆಡಿಸುತ್ತಿದ್ದರು. ಅದು ಅವರ ಪ್ರಾರ್ಥನೆ, ಅದಕ್ಕೆ ಯಾರ ಅಡ್ಡಿಯೂ ಇರಲಿಲ್ಲ.

ಮೂರನೆಯ ದಿನ ಹಾಲು ತುಪ್ಪ ಬಿಡುವ ಶಾಸ್ತ್ರವೂ ಇಲ್ಲದ್ದರಿಂದ ನಾನು ಉಳಿಯಲು ಕಾರಣವಿರಲಿಲ್ಲ. ಗೌರಮ್ಮ ಬುತ್ತಿ ಕಟ್ಟಿಕೊಟ್ಟರು. “ಬತ್ತಾ ಇರಿ ಅಣ್ಣಾರೆ,” ಎಂದರು. ಅಲ್ಲಿಯವರೆಗೆ ಅವರು ನನ್ನನ್ನು ಅಣ್ಣ ಎಂದಿರಲಿಲ್ಲ.

ಹಾಸನದ ಬಸ್ಸು ರಿಪೇರಿಯಾಗಿತ್ತು. ಗೊರೂರು ದಾಟಿದ ಮೇಲೆ ದೂರದ ಬಯಲಿನಲ್ಲಿ ಶೆಟ್ಟಿಹಳ್ಳಿಯ ಇಗರ್ಜಿಯ ಗೋಪುರ ಕಾಣಿಸಿತು. ಬಸ್ಸಿನಲ್ಲಿದ್ದ ಕ್ರೈಸ್ತ ಮುದುಕಿಯೊಬ್ಬಳು ಅದರ ಕಡೆ ತಿರುಗಿ ಎದೆಯ ಮೇಲೆ ಶಿಲುಬೆ ಎಳೆದುಕೊಂಡಳು. ನನ್ನ ಪಕ್ಕದವನು ಯಾವುದೋ ಮಂತ್ರ ಮಣಮಣಿಸುತ್ತಿದ್ದ. ನಾನು ಕಿಟಕಿಯಾಚೆ ನೋಡುತ್ತಿದ್ದೆ. ಇದನ್ನೆಲ್ಲ ಚನ್ನವೀರಪ್ಪನಿಗೆ ಹೇಳಿದರೆ ಏನನ್ನಬಹುದು ಎಂದು ಯೋಚನೆ ಶುರುವಾಗಿ, ಎಷ್ಟೋ ದೂರ ಹೋದ ಮೇಲೆ ಅವನನ್ನು ಮಣ್ಣು ಮಾಡಿ ಬಂದದ್ದು ನೆನಪಾಯಿತು.

ಹಾಸನದಲ್ಲಿ ಬಸ್ಸು ಬದಲಿಸಿ ಚನ್ನರಾಯಪಟ್ಟಣದಲ್ಲಿ ಇಳಿದಾಗ ಸಂಜೆಯಾಗಿತ್ತು. ನಮ್ಮ ಬೀದಿಯ ದಿನಸಿ ಅಂಗಡಿಯ ರುದ್ರಪ್ಪ ಎದುರಾದ. ಒಳ್ಳೆಯ ಮನುಷ್ಯ.

“ನಿಮ್ ಸ್ನೇಯಿತ್ರು ಎಂಗವ್ರೆ ಮೇಷ್ಟ್ರೆ?”

“ಹೋಗಿಬಿಟ್ಟ.”

ಅವನು ಲೊಚಗುಟ್ಟಿ ನನ್ನ ಕೈ ಹಿಡಿದುಕೊಂಡ. “ಶಿವನ ಪಾದ ಸೇರ್ಕಂಡ್ರು ಬುಡಿ,” ಎಂದ.

ಬೇರೆ ಯಾವತ್ತಾದರೂ ಆಗಿದ್ದರೆ ತಲೆಯಾಡಿಸಿ ಮನೆಗೆ ಹೋಗುತ್ತಿದ್ದೆ. “ಸೇರಿದನೋ ಇಲ್ಲವೋ ನನಗೆ ಗೊತ್ತಿಲ್ಲ ರುದ್ರಪ್ಪ,” ಎಂದೆ. “ಅವನ ಪ್ರಕಾರ ಸೇರಿಲ್ಲ.”

ರುದ್ರಪ್ಪ ಕೈ ಬಿಟ್ಟು ನನ್ನ ಮುಖ ನೋಡಿದ. ಆಮೇಲೆ ಅವನು ಅಂಗಡಿಯ ಕಡೆ ನಡೆದ, ನಾನು ಮನೆಯ ಕಡೆ.